ಹೊಸ ಟ್ರೇಲ್ ಶೂ ಪರೀಕ್ಷೆ: ಮಲೆನಾಡಿನ ಓಟಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಬಹುದೂರದ ಓಟಕ್ಕೆ ಹೆಸರು ಕೊಟ್ಟವರು ಹೊಸ ಟ್ರೇಲ್ ಶೂ, ಅಂದರೆ ಕಾಡುದಾರಿಯಲ್ಲಿ ಓಡುವ ಶೂ, ಕೊಂಡ ಮರುದಿನವೇ ನನಗೆ ಫೋನ್ ಮಾಡುತ್ತಾರೆ. ಬಹುತೇಕ ಎಲ್ಲರ ಪ್ರಶ್ನೆಯೂ ಒಂದೇ: "ಅಂಗಡಿಯಲ್ಲಿ ಹಾಕಿ ನೋಡಿದೆ, ಮೆತ್ತಗಿದೆ. ಇನ್ನೇನು ನೋಡಬೇಕು?" ನೋಡುವುದು ಬಹಳವಿದೆ. ಅಂಗಡಿಯ ಟೈಲ್ಸ್ ನೆಲದ ಮೇಲೆ ಎಲ್ಲ ಶೂಗಳೂ ಮೆತ್ತಗೇ ಇರುತ್ತವೆ. ಇಳಿಜಾರಿನಲ್ಲಿ, ಒದ್ದೆಯಲ್ಲಿ, ಕಾಲು ಸೋತು ಊದಿಕೊಂಡ ಮೇಲೆ ಅದು ಹೇಗಿರುತ್ತದೆ ಎಂಬುದೇ ಮುಖ್ಯ. ಇಲ್ಲಿರುವ ಉತ್ತರಗಳು ಪಶ್ಚಿಮ ಘಟ್ಟದ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ರಸ್ತೆಯ ಶೂ ಆದರೆ ಹಾಕಿಕೊಂಡು ಓಡಿಬಿಡುತ್ತೇವೆ. ಟ್ರೇಲ್ ಶೂಗೆ ಇಷ್ಟೆಲ್ಲ ಪರೀಕ್ಷೆ ಏಕೆ?

ರಸ್ತೆಯಲ್ಲಿ ಪ್ರತಿ ಹೆಜ್ಜೆಯೂ ಹಿಂದಿನ ಹೆಜ್ಜೆಯ ಹಾಗೇ ಬೀಳುತ್ತದೆ. ಕಾಡುದಾರಿಯಲ್ಲಿ ಹಾಗಲ್ಲ. ಒಂದು ಹೆಜ್ಜೆ ಬೇರಿನ ಮೇಲೆ, ಇನ್ನೊಂದು ಜಾರುವ ಎಲೆಯ ಮೇಲೆ, ಮತ್ತೊಂದು ಓರೆಯಾದ ಕಲ್ಲಿನ ಮೇಲೆ. ಪಾದ ಶೂ ಒಳಗೆ ಮುಂದಕ್ಕೂ ಪಕ್ಕಕ್ಕೂ ಸರಿಯುತ್ತದೆ. ರಸ್ತೆಯಲ್ಲಿ ಗೊತ್ತೇ ಆಗದ ಎರಡು ಮಿಲಿಮೀಟರ್ ಸಡಿಲ, ಘಟ್ಟದ ಇಳಿಜಾರಿನಲ್ಲಿ ಕಪ್ಪುಗಟ್ಟಿದ ಉಗುರಾಗಿ ತಿರುಗುತ್ತದೆ. ಸಾಲದ್ದಕ್ಕೆ ನಡುದಾರಿಯಲ್ಲಿ ಬಿಟ್ಟುಬಿಡುತ್ತೇನೆಂದರೆ ಆಟೋ ಸಿಗುವ ಜಾಗವಲ್ಲ ಅದು.

ಸೈಜ್ ಎಷ್ಟು ದೊಡ್ಡದು ತಗೋಬೇಕು?

"ಅರ್ಧ ಸೈಜ್ ದೊಡ್ಡದು ತಗೊಳ್ಳಿ" ಎಂದು ಎಲ್ಲರೂ ಹೇಳುತ್ತಾರೆ. ಆ ಮಾತು ಅರ್ಧ ಮಾತ್ರ ಸರಿ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಯುಕೆ ಸೈಜ್. ಅದರಲ್ಲಿ ಒಂದು ನಂಬರಿನಿಂದ ಮುಂದಿನದಕ್ಕೆ ಮೂರನೇ ಒಂದು ಇಂಚು, ಅಂದರೆ ಸುಮಾರು 8.5 ಮಿ.ಮೀ. ವ್ಯತ್ಯಾಸ. ಅರ್ಧ ಸೈಜ್ ಎಂದರೆ 4 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಯುರೋಪಿನ ಸೈಜಿನಲ್ಲಿ ಒಂದು ನಂಬರಿಗೆ ಸುಮಾರು 6.7 ಮಿ.ಮೀ. ಈ ಎರಡು ಅಳತೆಗಳು ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ಹಾಗಾಗಿ ಒಂದು ಕಂಪನಿಯ 8 ನಂಬರ್ ಇನ್ನೊಂದು ಕಂಪನಿಯ 8 ನಂಬರಿಗೆ ಸಮ ಎಂದು ನಂಬಬೇಡಿ.

ನಂಬರ್ ಬಿಟ್ಟು ಮಿಲಿಮೀಟರ್ ಹಿಡಿಯಿರಿ. ಸಂಜೆಯ ಹೊತ್ತು, ದಿನವಿಡೀ ಓಡಾಡಿ ಪಾದ ಕೊಂಚ ಊದಿಕೊಂಡಿರುವಾಗ, ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಲ್ಲಿ. ಎಲ್ಲಕ್ಕಿಂತ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ, ಅದನ್ನು ಮರೆಯಬೇಡಿ. ಎರಡೂ ಪಾದ ಅಳೆಯಿರಿ, ದೊಡ್ಡ ಪಾದದ ಲೆಕ್ಕವೇ ಲೆಕ್ಕ. ಆಮೇಲೆ ಶೂ ಒಳಗಿನ ತೆಳು ಅಟ್ಟೆಯನ್ನು, ಅಂದರೆ ಇನ್‌ಸೋಲನ್ನು, ಹೊರಗೆ ಎಳೆದು ಅದರ ಮೇಲೆ ನಿಂತು ನೋಡಿ. ಬೆರಳಿನ ಮುಂದೆ 10ರಿಂದ 12 ಮಿ.ಮೀ. ಜಾಗ ಉಳಿಯಬೇಕು. ಅಗಲದಲ್ಲಿ ಕಿರುಬೆರಳು ಅಂಚಿನಿಂದ ಹೊರಗೆ ಚಾಚಿದ್ದರೆ ಆ ಶೂ ನಿಮ್ಮದಲ್ಲ. ಉದ್ದ ಹೆಚ್ಚಿಸಿದರೆ ಅಗಲ ಸಿಗುತ್ತದೆ ಎಂದುಕೊಂಡು ಇಡೀ ಸೈಜ್ ದೊಡ್ಡದು ಕೊಳ್ಳುವವರಿದ್ದಾರೆ. ಪಾದ ಮಡಚುವ ಜಾಗ ಒಂದು ಕಡೆ, ಶೂ ಮಡಚುವ ಜಾಗ ಇನ್ನೊಂದು ಕಡೆ ಆಗಿ ಅಂಗಾಲು ನೋಯಲು ಶುರುವಾಗುತ್ತದೆ. ಅಂಥವರು ಮುಂಭಾಗ ಅಗಲವಿರುವ ಮಾದರಿಯನ್ನೇ ಹುಡುಕಬೇಕು. ಆಲ್ಟ್ರಾ ಕಂಪನಿಯ ಶೂಗಳು ಬೆರಳಿನ ಜಾಗ ಅಗಲವಾಗಿರುವುದಕ್ಕೇ ಹೆಸರಾದವು. ಕೆಲವು ಕಂಪನಿಗಳು ಒಂದೇ ಮಾದರಿಯನ್ನು ಅಗಲದ ಅಳತೆಯಲ್ಲೂ ಮಾಡುತ್ತವೆ.

ವಾಪಸ್ ಕೊಡುವ ಅವಕಾಶ ಇನ್ನೂ ಇದೆ. ಮನೆಯೊಳಗೇ ಏನೇನು ನೋಡಿಕೊಳ್ಳಬಹುದು?

ಮೊದಲು ಕೈಯಿಂದ ನೋಡಿ. ಹಿಮ್ಮಡಿಯ ಹಿಂಭಾಗವನ್ನು ಎರಡು ಬೆರಳಲ್ಲಿ ಒತ್ತಿ. ಅದು ಕಾಗದದ ಲೋಟದಂತೆ ಕುಸಿದರೆ ಓರೆ ದಾರಿಯಲ್ಲಿ ಪಾದವನ್ನು ಹಿಡಿದಿಡುವುದು ಕಷ್ಟ. ಒದ್ದೆ ಬಟ್ಟೆ ಹಿಂಡುವ ಹಾಗೆ ಶೂವನ್ನು ತಿರುಚಿ. ಸ್ವಲ್ಪ ತಿರುಚಿಕೊಂಡರೆ ಒಳ್ಳೆಯದೇ, ಕಲ್ಲುಗಳ ನಡುವೆ ಪಾದದ ಜೊತೆ ಹೊಂದಿಕೊಳ್ಳುತ್ತದೆ. ಪೂರ್ತಿ ಸುರುಳಿಯಾದರೆ ಯೋಚಿಸಿ. ಮುಂಗಾಲಿನ ಭಾಗವನ್ನು ಕೆಳಗಿನಿಂದ ಹೆಬ್ಬೆರಳಲ್ಲಿ ಬಲವಾಗಿ ಒತ್ತಿ ನೋಡಿ. ಒಳಗೆ ಗಟ್ಟಿ ಹಾಳೆಯಂಥದ್ದು ತಡೆದರೆ ರಾಕ್ ಪ್ಲೇಟ್ ಇದೆ ಎಂದರ್ಥ. ಚೂಪು ಕಲ್ಲು ಅಂಗಾಲಿಗೆ ಚುಚ್ಚದಂತೆ ಕಾಯುವುದು ಅದೇ.

ಆಮೇಲೆ ಓಡುವಾಗ ಹಾಕುವ ಅದೇ ಸಾಕ್ಸ್ ಹಾಕಿಕೊಂಡು, ಒಂದು ಗಂಟೆ ಮನೆಯಲ್ಲೇ ಓಡಾಡಿ. ಅಡುಗೆ ಮಾಡಿ, ಬಟ್ಟೆ ಮಡಚಿ, ಮೆಟ್ಟಿಲು ಹತ್ತಿಳಿಯಿರಿ. ಮೆಟ್ಟಿಲ ಅಂಚಿನ ಮೇಲೆ ಮುಂಗಾಲಿಟ್ಟು ಹಿಮ್ಮಡಿ ಎತ್ತಿ ಇಳಿಸಿ. ಹಿಮ್ಮಡಿ ಶೂ ಒಳಗಿಂದ ಎದ್ದು ಬರುತ್ತಿದೆಯೇ? ಕಣಕಾಲಿನ ಗಂಟಿಗೆ ಅಂಚು ತಾಗುತ್ತಿದೆಯೇ? ಹೊಸ ಚಪ್ಪಲಿ ಕಚ್ಚುತ್ತದೆ, ಆಮೇಲೆ ಸರಿಹೋಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಚರ್ಮದ ಮೆಟ್ಟಿನ ವಿಷಯದಲ್ಲಿ. ಚರ್ಮ ಹದವಾಗುತ್ತದೆ. ಇಂದಿನ ನೈಲಾನ್, ಪಾಲಿಯೆಸ್ಟರ್ ಜಾಲರಿ ಅಷ್ಟು ಹದವಾಗುವುದಿಲ್ಲ. ಮೊದಲ ಗಂಟೆಯಲ್ಲಿ ಕಚ್ಚಿದ ಜಾಗ ಐವತ್ತನೇ ಕಿಲೋಮೀಟರಿನಲ್ಲೂ ಕಚ್ಚುತ್ತದೆ.

ಅಟ್ಟೆಯ ಹಲ್ಲು ಎಷ್ಟು ಆಳವಿರಬೇಕು?

ಲಗ್ ಎಂದು ಕರೆಯುವ ಈ ಹಲ್ಲುಗಳು ಗಟ್ಟಿ ಮಣ್ಣಿನ ದಾರಿಗೆ 3ರಿಂದ 4 ಮಿ.ಮೀ. ಇದ್ದರೆ ಸಾಕು. ಎಲ್ಲಕ್ಕೂ ಹೊಂದುವಂಥದ್ದು ಬೇಕೆಂದರೆ 4ರಿಂದ 5. ಮಳೆಗಾಲದ ಕೆಸರಿಗೆ 5ಕ್ಕಿಂತ ಹೆಚ್ಚು. ಆಳ ಎಷ್ಟು ಮುಖ್ಯವೋ ಹಲ್ಲುಗಳ ನಡುವಿನ ಅಂತರವೂ ಅಷ್ಟೇ ಮುಖ್ಯ. ಒತ್ತೊತ್ತಾಗಿದ್ದರೆ ಕೆಸರು ಸಿಕ್ಕಿಕೊಂಡು ಹತ್ತೇ ಹೆಜ್ಜೆಗೆ ಅಟ್ಟೆ ನುಣ್ಣಗಾಗುತ್ತದೆ. ದೂರ ದೂರ ಇದ್ದರೆ ಓಡುತ್ತ ಓಡುತ್ತ ಕೆಸರು ತಾನೇ ಉದುರುತ್ತದೆ. ಪರೀಕ್ಷೆ ಸುಲಭ. ತೋಟದ ಜಿಗುಟು ಮಣ್ಣಿನಲ್ಲಿ ಐವತ್ತು ಹೆಜ್ಜೆ ಓಡಿ, ನಿಂತು, ಅಟ್ಟೆ ತಿರುಗಿಸಿ ನೋಡಿ. ಹಲ್ಲು ಕಾಣುತ್ತಿದ್ದರೆ ಪಾಸ್.

ನನ್ನ ಶೂ ಕೆಸರಿನಲ್ಲಿ ಚೆನ್ನಾಗಿ ಹಿಡಿಯುತ್ತದೆ, ಒದ್ದೆ ಬಂಡೆಯ ಮೇಲೆ ಜಾರುತ್ತದೆ. ಕೆಟ್ಟ ಮಾಲೇ?

ಅಲ್ಲ. ಕೆಸರಿಗೆ ಬೇಕಾದದ್ದು ಹಲ್ಲು, ಬಂಡೆಗೆ ಬೇಕಾದದ್ದು ರಬ್ಬರ್. ಬಂಡೆಯ ಮೇಲೆ ಹಲ್ಲು ನಾಟುವುದಿಲ್ಲ. ಅಲ್ಲಿ ಎಷ್ಟು ರಬ್ಬರ್ ಕಲ್ಲಿಗೆ ತಾಗುತ್ತದೆ, ಅದು ಎಷ್ಟು ಮೆತ್ತಗಿದೆ ಎಂಬುದರ ಮೇಲೆ ಹಿಡಿತ ನಿಂತಿದೆ. ಆಳವಾದ ಚೂಪು ಹಲ್ಲಿನ ಅಟ್ಟೆ ಕಲ್ಲಿಗೆ ತಾಗುವುದು ತುದಿಗಳಲ್ಲಿ ಮಾತ್ರ, ಅದಕ್ಕೇ ಜಾರುತ್ತದೆ. ರಬ್ಬರ್ ಮೆತ್ತಗಾದಷ್ಟೂ ಡಾಂಬರಿನ ಮೇಲೆ ಬೇಗ ಸವೆಯುತ್ತದೆ, ಎರಡನ್ನೂ ಒಟ್ಟಿಗೆ ಕೇಳುವಂತಿಲ್ಲ. ಒದ್ದೆ ಕಲ್ಲಿನ ಹಿಡಿತಕ್ಕೆ ಓಟಗಾರರು ಹೆಚ್ಚಾಗಿ ಹೆಸರಿಸುವುದು ವಿಬ್ರಮ್ ಕಂಪನಿಯ ಮೆಗಾಗ್ರಿಪ್ ರಬ್ಬರನ್ನು. ಆ ಕಂಪನಿ ಹುಟ್ಟಿದ್ದೂ ಇದೇ ಚಿಂತೆಯಿಂದ. ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿ 1935ರ ಆಲ್ಪ್ಸ್ ದುರಂತದಲ್ಲಿ ಜೊತೆಗಾರರನ್ನು ಕಳೆದುಕೊಂಡ ಮೇಲೆ, ಮೊಳೆ ಹೊಡೆದ ಚರ್ಮದ ಅಟ್ಟೆಯ ಬದಲು ಹಲ್ಲಿರುವ ರಬ್ಬರ್ ಅಟ್ಟೆ ಮಾಡಲು ಹೊರಟರು. ಅವರ ಹೆಸರಿನ ಮೊದಲ ಅಕ್ಷರಗಳೇ ಕಂಪನಿಯ ಹೆಸರಾದವು.

ಒದ್ದೆ ಬಂಡೆಯ ಪರೀಕ್ಷೆಯನ್ನು ನಡೆಯುತ್ತಲೇ ಮಾಡಿ, ಓಡುತ್ತ ಅಲ್ಲ. ಬಿದ್ದರೂ ಪೆಟ್ಟಾಗದಷ್ಟು ತಗ್ಗಿನ, ಸ್ವಲ್ಪವೇ ಇಳಿಜಾರಿರುವ ಕಲ್ಲು ಹುಡುಕಿ. ಮೊದಲು ಒಣಗಿದ್ದಾಗ ನಡೆದು ನೋಡಿ, ಆಮೇಲೆ ಒಂದು ಬಾಟಲಿ ನೀರು ಸುರಿದು ಮತ್ತೆ ನಡೆಯಿರಿ. ಎರಡರ ನಡುವಿನ ಅಂತರ ನಿಮ್ಮ ಪಾದಕ್ಕೇ ತಿಳಿಯುತ್ತದೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಮಾತ್ರ ಯಾವ ಶೂವನ್ನೂ ನಂಬಬೇಡಿ. ಸಾವನದುರ್ಗದಂಥ ಏಕಶಿಲೆಯ ಬೆಟ್ಟಗಳಲ್ಲಿ ಮಳೆ ಬಂದಾಗ ಈ ಪರೀಕ್ಷೆಗೆ ಇಳಿಯಲೇಬೇಡಿ. ಅಲ್ಲಿ ಜಾರಿದರೆ ತಡೆಯಲು ಏನೂ ಇರುವುದಿಲ್ಲ.

ಮೊದಲ ಓಟ ಎಷ್ಟು ದೂರ, ಎಲ್ಲಿ?

ಹತ್ತಿರದ ಪಾರ್ಕಿನ ಮಣ್ಣಿನ ಹಾದಿಯಲ್ಲಿ 3ರಿಂದ 5 ಕಿ.ಮೀ. ಸಾಕು. ಗಡಿಯಾರ ನೋಡಬೇಡಿ, ಪಾದದ ಮಾತು ಕೇಳಿ. ಆಮೇಲೆ ಕಲ್ಲು ಮಣ್ಣು ಬೆರೆತ ದಾರಿ. ಬೆಂಗಳೂರಿನವರಿಗೆ ತುರಹಳ್ಳಿ ಕಾಡಿದೆ, ಮಾಕಳಿದುರ್ಗವಿದೆ. ಅರಣ್ಯ ಇಲಾಖೆಯ ಚಾರಣ ದಾರಿಗಳಿಗೆ ಹೋಗುವುದಾದರೆ ಆನ್‌ಲೈನಿನಲ್ಲಿ ಮೊದಲೇ ಟಿಕೆಟ್ ಕಾಯ್ದಿರಿಸಿ, ಹೇಳಿದ ಹೊತ್ತಿನಲ್ಲೇ ಹೋಗಿ ಬನ್ನಿ. ಮೈಸೂರಿನ ಗೆಳೆಯರು ಚಾಮುಂಡಿ ಬೆಟ್ಟದ ಮೆಟ್ಟಿಲು ಆಗಬಹುದೇ ಎಂದು ಕೇಳುತ್ತಾರೆ. ಹರಕೆ ಹೊತ್ತವರು ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಹತ್ತುವ ದಾರಿ ಅದು. ಕೆಸರಿನ ಶೂ ಪರೀಕ್ಷೆಗೆ ಬೇರೆ ಜಾಗ ನೋಡಿ ಎಂದೇ ನಾನು ಹೇಳುವುದು.

ಇಳಿಜಾರಿನ ಪರೀಕ್ಷೆ ಎಂದರೇನು? ಎಲ್ಲರೂ ಅದನ್ನೇ ಏಕೆ ಒತ್ತಿ ಹೇಳುತ್ತಾರೆ?

ಒಂದೇ ಒಂದು ಪರೀಕ್ಷೆಗೆ ಸಮಯವಿದೆ ಎಂದಾದರೆ ಇದನ್ನೇ ಮಾಡಿ. ಹತ್ತುವಾಗ ವೇಗ ಕಡಿಮೆ, ಶೂ ಹೇಗಿದ್ದರೂ ನಡೆಯುತ್ತದೆ. ಇಳಿಯುವಾಗ ಇಡೀ ಭಾರ ಪ್ರತಿ ಹೆಜ್ಜೆಗೂ ಪಾದವನ್ನು ಶೂ ಮೂತಿಗೆ ತಳ್ಳುತ್ತದೆ. ಮುಳ್ಳಯ್ಯನಗಿರಿಯ ಆಸುಪಾಸಿನಲ್ಲಿ ಒಂದು ದೊಡ್ಡ ಇಳಿಜಾರು ಮುಗಿಸುವಷ್ಟರಲ್ಲಿ ಈ ತಳ್ಳಾಟ ಸಾವಿರಾರು ಸಲ ನಡೆದಿರುತ್ತದೆ.

ಮುನ್ನೂರು ನಾನೂರು ಮೀಟರ್ ಉದ್ದದ, ನಿಮಗೆ ಚೆನ್ನಾಗಿ ಪರಿಚಯವಿರುವ ಒಂದು ಇಳಿಜಾರು ಆರಿಸಿಕೊಳ್ಳಿ. ಮೊದಲ ಸಲ ನಡೆದು ಇಳಿಯಿರಿ. ಎರಡನೇ ಸಲ ನಿಧಾನ ಓಟ. ಮೂರು, ನಾಲ್ಕನೇ ಸಲ ಸ್ಪರ್ಧೆಯ ದಿನದ ವೇಗ. ಐದನೇ ಸಲ ದಾರಿಯ ಓರೆಯಾದ ಅಂಚಿನಲ್ಲೇ, ಒಂದು ಪಾದ ಮೇಲೆ ಒಂದು ಪಾದ ಕೆಳಗೆ ಬರುವಂತೆ ಓಡಿ. ಬೆರಳಿನ ತುದಿ ಮುಂದಕ್ಕೆ ತಾಗುತ್ತಿದೆಯೇ? ಒಮ್ಮೆ ತಾಗಿದರೂ ಲೆಕ್ಕಕ್ಕೆ ತಗೊಳ್ಳಿ. ಓರೆಯಲ್ಲಿ ಪಾದ ಅಟ್ಟೆಯಿಂದ ಪಕ್ಕಕ್ಕೆ ಜಾರಿ ಅಂಚಿನ ಮೇಲೆ ನಿಂತಂತಾಗುತ್ತಿದೆಯೇ? ಶೂ ನಾಲಿಗೆ ಒಂದು ಪಕ್ಕಕ್ಕೆ ಸರಿದು ಲೇಸು ಪಾದದ ಮೇಲ್ಭಾಗವನ್ನು ಕೊರೆಯುತ್ತಿದೆಯೇ? ತಟ್ಟನೆ ನಿಂತಾಗ ಶೂ ನಿಂತು ಪಾದ ಮಾತ್ರ ಮುಂದೆ ಹೋಗುತ್ತಿದೆಯೇ?

ಮುಗಿದ ಕೂಡಲೇ ಅಲ್ಲೇ ಕುಳಿತು ಶೂ, ಸಾಕ್ಸ್ ಎರಡನ್ನೂ ಕಳಚಿ ಚರ್ಮ ನೋಡಿ. ಕೆಂಪಗಾದ ಜಾಗವೇ ಮುಂದೆ ಬೊಬ್ಬೆ ಏಳುವ ಜಾಗ. ಮನೆಗೆ ಬಂದು ಸ್ನಾನ ಮಾಡುವ ಹೊತ್ತಿಗೆ ಆ ಗುರುತು ಮಾಸಿರುತ್ತದೆ, ಫೋನಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಮೊದಲ ವರ್ಷ ನಾನು ಈ ಪರೀಕ್ಷೆ ಮಾಡಿರಲಿಲ್ಲ. ಬಯಲಿನಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ಓಡಿದ್ದ ಶೂ, ತೋಟದ ಎರಡನೇ ಇಳಿಜಾರಿನಲ್ಲೇ ಎರಡೂ ಹೆಬ್ಬೆರಳ ಉಗುರು ಕಿತ್ತಿತು. ಹೊಸ ಉಗುರು ಪೂರ್ತಿ ಬೆಳೆಯಲು ವರ್ಷವೇ ಬೇಕಾಯಿತು. ಅದೊಂದು ನೋವು ಯಾರಿಗೂ ಬರಬಾರದು ಎಂಬುದಕ್ಕೇ ಇಷ್ಟು ವಿವರವಾಗಿ ಹೇಳುತ್ತಿದ್ದೇನೆ. ಅಂದಹಾಗೆ, ಪರೀಕ್ಷೆಗೆ ಮುನ್ನ ಕಾಲಿನ ಉಗುರು ಕತ್ತರಿಸಿರಿ. ಉಗುರಿನ ತಪ್ಪನ್ನು ಶೂ ಮೇಲೆ ಹೊರಿಸುವವರು ಬಹಳ.

ಇಳಿಯುವಾಗ ಬೆರಳು ತಾಗುತ್ತಿದೆ. ಶೂ ಬದಲಿಸಲೇಬೇಕೇ?

ಮೊದಲು ಲೇಸು ಬದಲಿಸಿ ನೋಡಿ. ಶೂವಿನ ಮೇಲ್ತುದಿಯಲ್ಲಿ, ಕಣಕಾಲಿನ ಹತ್ತಿರ, ಯಾರೂ ಬಳಸದ ಒಂದು ಹೆಚ್ಚುವರಿ ರಂಧ್ರ ಇರುತ್ತದಲ್ಲ, ಅದಿರುವುದೇ ಇದಕ್ಕೆ. ಲೇಸನ್ನು ಅದೇ ಬದಿಯ ಆ ರಂಧ್ರಕ್ಕೆ ಹೊರಗಿನಿಂದ ಒಳಕ್ಕೆ ತೂರಿಸಿ ಚಿಕ್ಕ ಕುಣಿಕೆ ಬಿಡಿ. ಇನ್ನೊಂದು ಬದಿಯಲ್ಲೂ ಹಾಗೇ ಮಾಡಿ. ಆಮೇಲೆ ಬಲದ ತುದಿಯನ್ನು ಎಡದ ಕುಣಿಕೆಯಲ್ಲಿ, ಎಡದ ತುದಿಯನ್ನು ಬಲದ ಕುಣಿಕೆಯಲ್ಲಿ ತೂರಿಸಿ ಕೆಳಮುಖವಾಗಿ ಎಳೆದು ಕಟ್ಟಿ. ಹಿಮ್ಮಡಿ ಹಿಂದಕ್ಕೆ ಕೂತು ಗಟ್ಟಿಯಾಗುತ್ತದೆ, ಬೆರಳಿನ ಕಡೆ ಸಡಿಲವಾಗೇ ಇರುತ್ತದೆ. ಮತ್ತೆ ಅದೇ ಇಳಿಜಾರಿಗೆ ಹೋಗಿ. ಆಗಲೂ ತಾಗಿದರೆ ಶೂ ಚಿಕ್ಕದು, ಬದಲಿಸಿ. ಸಾಲೊಮನ್ ಶೂಗಳಲ್ಲಿ ಬರುವ ಎಳೆದು ಬಿಗಿಯುವ ತಂತಿಯಂಥ ಲೇಸಿನಲ್ಲಿ ಈ ಉಪಾಯ ಸುಲಭವಲ್ಲ. ಪಾದದ ಮೇಲ್ಭಾಗ ಎತ್ತರವಿರುವವರು ಅದನ್ನು ಕೊಳ್ಳುವ ಮುನ್ನವೇ ಚೆನ್ನಾಗಿ ನೋಡಿಕೊಳ್ಳಬೇಕು.

ಮಳೆಗಾಲಕ್ಕೆ ಗೋರ್‌ಟೆಕ್ಸ್ ಶೂ ಒಳ್ಳೆಯದಲ್ಲವೇ?

ಹೊರಗಿನ ನೀರನ್ನು ಒಳಗೆ ಬಿಡದ ಪದರವಿರುವ ಶೂ ಅದು. ನಮ್ಮ ಮಳೆಗೆ ಬೇಡ. ನೀರು ಬರುವುದು ಜಾಲರಿಯಿಂದಷ್ಟೇ ಅಲ್ಲ. ಮೊಣಕಾಲುದ್ದದ ಹಳ್ಳ ದಾಟುವಾಗ ಕಣಕಾಲಿನ ಬಾಯಿಯಿಂದಲೇ ತುಂಬಿಕೊಳ್ಳುತ್ತದೆ. ಆಮೇಲೆ ಒಳಗಿನ ನೀರು ಹೊರಗೆ ಹೋಗಲು ದಾರಿಯಿರುವುದಿಲ್ಲ. ಚೊಂಬಿನಲ್ಲಿ ಕಾಲಿಟ್ಟು ಓಡಿದ ಹಾಗಾಗುತ್ತದೆ. ಒಣಹವೆಯ, ಹಿಮ ಬೀಳುವ ನಾಡಿಗೆ ಅದು ಸರಿ. ಘಟ್ಟಕ್ಕೆ ಬೇಕಾದದ್ದು ಬೇಗ ಒದ್ದೆಯಾದರೂ ಬೇಗ ನೀರು ಬಿಡುವ ತೆಳು ಜಾಲರಿ.

ನೀರು ಎಷ್ಟು ಬೇಗ ಬಿಡುತ್ತದೆ ಎಂದು ತಿಳಿಯುವುದು ಹೇಗೆ?

ಅಡುಗೆಮನೆಯ ತಕ್ಕಡಿ ಸಾಕು. ಒಣಗಿದ ಶೂ ತೂಕ ಬರೆದಿಟ್ಟುಕೊಳ್ಳಿ. ಬಕೆಟಿನಲ್ಲಿ ಐದು ನಿಮಿಷ ಮುಳುಗಿಸಿ, ಎತ್ತಿ, ನೀರು ಸುರಿದು ಮತ್ತೆ ತೂಗಿ. ಆಮೇಲೆ ಅದನ್ನೇ ಹಾಕಿಕೊಂಡು ಒಂದು ಕಿಲೋಮೀಟರ್ ಓಡಿ ಬಂದು ಮೂರನೇ ಸಲ ತೂಗಿ. ಎರಡನೆಯ ತೂಕಕ್ಕೂ ಮೂರನೆಯದಕ್ಕೂ ಇರುವ ಅಂತರ ಹೆಚ್ಚಿದ್ದಷ್ಟೂ ಒಳ್ಳೆಯದು. ಹಿಮ್ಮಡಿಯ ಸುತ್ತ ದಪ್ಪ ಸ್ಪಂಜಿರುವ ಶೂಗಳು ನೀರು ಕುಡಿದು ಕೂರುತ್ತವೆ. ಅಂಗಡಿಯಲ್ಲಿ ಮನಸ್ಸು ಸೆಳೆಯುವುದೂ ಅದೇ ಸ್ಪಂಜು.

ಒದ್ದೆ ಶೂನಲ್ಲೇ ಒಂದು ದೀರ್ಘ ಓಟವನ್ನೂ ಮಾಡಿ. ಒಣಗಿದ್ದಾಗ ತೊಂದರೆ ಕೊಡದ ಹೊಲಿಗೆ ಒದ್ದೆಯಾದಾಗ ಗರಗಸದಂತೆ ಉಜ್ಜುತ್ತದೆ.

ಡ್ರಾಪ್ ಎಂದರೇನು? ಜೀರೋ ಡ್ರಾಪ್ ಶೂ ತಗೊಂಡಿದ್ದೇನೆ, ಹೇಗೆ ಅಭ್ಯಾಸ ಮಾಡಲಿ?

ಹಿಮ್ಮಡಿಯ ಕೆಳಗಿನ ದಪ್ಪಕ್ಕೂ ಮುಂಗಾಲಿನ ಕೆಳಗಿನ ದಪ್ಪಕ್ಕೂ ಇರುವ ವ್ಯತ್ಯಾಸವೇ ಡ್ರಾಪ್. ರಸ್ತೆಯ ಶೂಗಳಲ್ಲಿ 8ರಿಂದ 10 ಮಿ.ಮೀ. ಸಾಮಾನ್ಯ, ಟ್ರೇಲ್ ಶೂಗಳಲ್ಲಿ 4ರಿಂದ 8 ಹೆಚ್ಚು ಕಾಣುತ್ತದೆ. ಆಲ್ಟ್ರಾ ಲೋನ್ ಪೀಕ್ ಮಾದರಿಯಲ್ಲಿ ಸೊನ್ನೆ. ಡ್ರಾಪ್ ಇಳಿದಷ್ಟೂ ಮೀನಖಂಡಕ್ಕೂ ಹಿಮ್ಮಡಿಯ ನರಕ್ಕೂ ಕೆಲಸ ಹೆಚ್ಚು. ಊರಿನಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವರಿಗೂ ಆಫೀಸಿನ ಶೂನಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ ಇದು ಹೊಸದೇ. ಮೊದಲ ವಾರ ಬರೀ ನಡಿಗೆ. ಆಮೇಲೆ ವಾರಕ್ಕೆರಡು ಸಲ, 2-3 ಕಿ.ಮೀ. ಹೀಗೆ ಹೆಚ್ಚಿಸುತ್ತ ಕನಿಷ್ಠ ಎರಡು ತಿಂಗಳು ಕೊಡಿ. ಸ್ಪರ್ಧೆಗೆ ಆರು ವಾರವೇ ಉಳಿದಿದ್ದರೆ ಈ ವರ್ಷಕ್ಕೆ ಅದನ್ನು ಪಕ್ಕಕ್ಕಿಡಿ.

ದಪ್ಪ ಮೆತ್ತೆಯ ಶೂ ಮಂಡಿಗೆ ಒಳ್ಳೆಯದಂತೆ, ಹೌದೇ?

2009ರಲ್ಲಿ ಫ್ರಾನ್ಸಿನಲ್ಲಿ ಶುರುವಾದ ಹೋಕಾ ಕಂಪನಿ ದಪ್ಪ ಅಟ್ಟೆ ತಂದದ್ದೇ ಇಳಿಜಾರಿನಲ್ಲಿ ಸರಾಗವಾಗಿ ಓಡಲು. ಉದ್ದ ಓಟದಲ್ಲಿ ಅಂಗಾಲಿಗೆ ಅದು ನಿಜವಾಗಿ ಆರಾಮ. ಆದರೆ ನೆಲದಿಂದ ಎತ್ತರ ನಿಂತಷ್ಟೂ ಕಣಕಾಲು ಹೊರಳುವ ಭಯ ಹೆಚ್ಚು. ಸಡಿಲ ಕಲ್ಲಿನ ದಾರಿಯಲ್ಲಿ, ಸುಸ್ತಾದ ಮೇಲೆ, ಸಂಜೆಗತ್ತಲಲ್ಲಿ ಓಡಿ ನೋಡಿ ತೀರ್ಮಾನಿಸಿ. ಒಂದೇ ಓಟದಲ್ಲಿ ಎರಡು ಸಲ ಕಾಲು ಹೊರಳಿದರೆ ಆ ಎತ್ತರ ನಿಮಗಲ್ಲ.

ಬೊಬ್ಬೆ ಎದ್ದರೆ ಅದು ಶೂ ತಪ್ಪೇ, ಸಾಕ್ಸ್ ತಪ್ಪೇ?

ಹತ್ತಿಯ ಸಾಕ್ಸ್ ಹಾಕಿದ್ದರೆ ಮೊದಲು ಅದನ್ನು ಬಿಡಿ. ಹತ್ತಿ ನೀರು ಹಿಡಿದಿಟ್ಟುಕೊಂಡು ಚರ್ಮ ನೆನೆಸುತ್ತದೆ. ನೈಲಾನ್ ಅಥವಾ ಮೆರಿನೋ ಉಣ್ಣೆಯ ಸಾಕ್ಸ್ ಹಾಕಿ ಅದೇ ದಾರಿಯಲ್ಲಿ ಮತ್ತೆ ಓಡಿ. ಬೊಬ್ಬೆ ಅದೇ ಜಾಗದಲ್ಲಿ ಎದ್ದರೆ ಶೂ ತಪ್ಪು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಶೂ, ಸಾಕ್ಸ್, ಲೇಸು ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ದೇವರಿಗೇ ಗೊತ್ತು.

ಇಂಬಳಕ್ಕೆ ಏನು ಮಾಡುವುದು?

ಇಂಬಳ ಜಾಲರಿಯ ಸಂದಿಯಲ್ಲೂ ಲೇಸಿನ ರಂಧ್ರದಲ್ಲೂ ನುಸುಳುತ್ತದೆ, ಇದನ್ನು ತಡೆಯುವ ಶೂ ಇಲ್ಲ. ಒತ್ತಾದ ನೇಯ್ಗೆಯ ಉದ್ದ ಸಾಕ್ಸ್ ತಡೆಯುತ್ತದೆ. ತೋಟದವರು ಸುಣ್ಣ, ಹೊಗೆಸೊಪ್ಪು ಬಳಸುತ್ತಾರೆ. ನೀವು ಯಾವುದನ್ನು ಬಳಸುವಿರೋ ಅದನ್ನು ಪರೀಕ್ಷೆಯ ಓಟದಲ್ಲೇ ಬಳಸಿ, ಏಕೆಂದರೆ ಉದ್ದ ಸಾಕ್ಸ್ ಸೇರಿದರೆ ಶೂ ಬಿಗಿಯಾಗುತ್ತದೆ. ಮಲೆನಾಡಿನ ಮನೆಯಲ್ಲಿ ರಾತ್ರಿ ಉಳಿದಿದ್ದರೆ ಬೆಳಗ್ಗೆ ಶೂ ಬೋರಲು ಹಾಕಿ ಕೊಡವಿಯೇ ಕಾಲಿಡಿ. ಬೆಚ್ಚಗಿನ ಕತ್ತಲ ಜಾಗ ಚೇಳಿಗೂ ಇಷ್ಟ.

ಸ್ಪರ್ಧೆಗೆ ಮುನ್ನ ಒಟ್ಟು ಎಷ್ಟು ಕಿಲೋಮೀಟರ್ ಓಡಿರಬೇಕು?

ನನ್ನ ಲೆಕ್ಕ 60ರಿಂದ 80. ಅದರಲ್ಲಿ ಒಂದಾದರೂ ಮೂರು ಗಂಟೆ ಮೀರಿದ ಓಟ, ಒಂದಾದರೂ ಪೂರ್ತಿ ಒದ್ದೆ ಓಟ ಇರಬೇಕು. ಇದರಿಂದ ಶೂ ಸವೆದುಹೋಗುತ್ತದೆ ಎಂದು ಹೆದರಬೇಡಿ. ಸಾಮಾನ್ಯವಾಗಿ ಒಂದು ಜೋಡಿ 500ರಿಂದ 800 ಕಿ.ಮೀ. ಬಾಳುತ್ತದೆ. ಮೈಭಾರ, ಕಲ್ಲುದಾರಿ ಎರಡೂ ಹೆಚ್ಚಿದ್ದರೆ ಅದಕ್ಕಿಂತ ಕಡಿಮೆ.

ತೊಳೆಯುವುದು, ಒಣಗಿಸುವುದು ಹೇಗೆ?

ವಾಷಿಂಗ್ ಮೆಷಿನ್ ಬೇಡ, ಸುಡುಬಿಸಿಲು ಬೇಡ, ಒಲೆಯ ಪಕ್ಕವಂತೂ ಬೇಡವೇ ಬೇಡ. ಬಿಸಿಗೆ ಅಂಟು ಬಿಡುತ್ತದೆ. ತಣ್ಣೀರು, ಹಳೆಯ ಹಲ್ಲುಜ್ಜುವ ಬ್ರಷ್, ಒಳಗೆ ಹಳೆಯ ದಿನಪತ್ರಿಕೆ ತುರುಕಿ ಗಾಳಿಯಾಡುವ ನೆರಳಿನಲ್ಲಿಡಿ. ಎರಡು ಗಂಟೆಗೊಮ್ಮೆ ಕಾಗದ ಬದಲಿಸಿದರೆ ಮಲೆನಾಡಿನ ಜುಲೈನಲ್ಲೂ ಒಂದೂವರೆ ದಿನದಲ್ಲಿ ಒಣಗುತ್ತದೆ. ತೊಳೆಯುವಾಗಲೇ ಅಟ್ಟೆಯೂ ಮೇಲ್ಭಾಗವೂ ಕೂಡುವ ಅಂಚನ್ನು ಬೆರಳಾಡಿಸಿ ನೋಡಿ. ಮೊದಲ 80 ಕಿಲೋಮೀಟರಿನಲ್ಲೇ ಬಾಯಿ ಬಿಟ್ಟಿದ್ದರೆ ಬಿಲ್ ಹಿಡಿದುಕೊಂಡು ಅಂಗಡಿಗೆ ಹೋಗಿ ಕೇಳಿ, ಸಂಕೋಚ ಬೇಡ.

ಹೊಸದು ಪಾಸಾಯಿತು. ಹಳೆಯ ಜೋಡಿ ಎಸೆದುಬಿಡಲೇ?

ಎಸೆಯಬೇಡಿ. ಹಲ್ಲು ಪೂರ್ತಿ ಸವೆದಿಲ್ಲವಾದರೆ ಅದನ್ನು ತೊಳೆದು, ಒಣಗಿದ ಸಾಕ್ಸ್ ಜೊತೆ ಚೀಲಕ್ಕೆ ಹಾಕಿ, ಓಟದ ನಡುವಿನ ನಿಲುಗಡೆಗೆ ಕಳಿಸಿ. ಹಳ್ಳ ದಾಟಿ, ಕೆಸರು ತುಳಿದು, ಪಾದ ಊದಿ ಬಂದಾಗ ಹೊಸದು ಬಿಗಿಯಾಗಿದ್ದರೆ ಅಲ್ಲೇ ಬದಲಿಸಿಕೊಳ್ಳಬಹುದು. ನಲವತ್ತನೇ ಕಿಲೋಮೀಟರಿನಲ್ಲಿ ಒಣಗಿದ ಸಾಕ್ಸ್‌ಗೆ ಕಾಲು ತೂರಿಸಿ, ಪಾದಕ್ಕೆ ಪರಿಚಯವಿರುವ ಹಳೆಯ ಶೂ ಲೇಸು ಕಟ್ಟುವಾಗ ಆಗುವ ಸುಖ ಬಿಸಿಬಿಸಿ ಕಾಫಿಗೂ ಕಡಿಮೆಯಲ್ಲ.